ನೀರಿನ ಕೆಳಗೆ ನಿಂತ ಅಮ್ಮ

ಜಪಾನಿನ ಕನಜಾವಾದಲ್ಲಿರುವ 21ನೇ ಶತಮಾನದ ಸಮಕಾಲೀನ ಕಲಾ ಮ್ಯೂಸಿಯಂಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. 2004ರಲ್ಲಿ ತೆರೆದ ಈ ಕಟ್ಟಡ ದುಂಡಗಿದೆ, ಸುತ್ತಲೂ ಗಾಜು. ಮುಂದೆ, ಹಿಂದೆ ಅಂತ ಇಲ್ಲವೇ ಇಲ್ಲ. ನನಗೆ ಅದೇ ತುಂಬಾ ಹಿಡಿಸಿತು.

ಜಾಸ್ತಿ ಜನ ಸೇರುವುದು ಅರ್ಜೆಂಟೀನಾದ ಲಿಯಾಂಡ್ರೊ ಎರ್ಲಿಕ್ ಮಾಡಿದ ಈಜುಕೊಳದ ಸುತ್ತ. ಮೇಲಿಂದ ನೋಡಿದರೆ ತುಂಬಿದ ಕೊಳ. ನಿಜಕ್ಕೂ ಗಾಜಿನ ಮೇಲೆ ಸುಮಾರು 10 ಸೆಂಟಿಮೀಟರ್ ನೀರು ಅಷ್ಟೇ. ಕೆಳಗೆ ತಿಳಿನೀಲಿ ಗೋಡೆಗಳ ಖಾಲಿ ಕೋಣೆ.

ಅಮ್ಮ ಟಿಕೆಟ್ ಹಿಡಿದು ಸೀರೆಯಲ್ಲೇ ಕೆಳಗಿಳಿದಳು. ನಾನು ಮೇಲೆ ನಿಂತೆ. ಅಲುಗುವ ನೀರಿನಾಚೆ ಅವಳ ನಗುಮುಖ! ನನ್ನ ಪಕ್ಕದಲ್ಲಿದ್ದ ಜಪಾನಿನ ಅಜ್ಜಿಯೊಬ್ಬರು ಅವಳಿಗೆ ಕೈಬೀಸಿದರು. ಅಮ್ಮನೂ ಬೀಸಿದಳು. ನೋಡುವ ಜನರಿದ್ದರೇ ಈ ಕೃತಿ ಪೂರ್ತಿ, ಅಲ್ವಾ?

ಮೇಲೆ ಬಂದವಳೇ, "ಈಗ ನೀನು ಇಳಿ, ನಾನು ನೋಡ್ತೀನಿ" ಅಂದಳು.