ಎರಡಡಿಯ ಅಕ್ವೇರಿಯಂಗೆ ಯಾವ ಬಣ್ಣದ ಮೀನುಗಳು?

ನಮ್ಮ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ತಿಳಿದವರಲ್ಲಿ ಹೆಚ್ಚಿನವರು ಇಂದಲ್ಲ ನಾಳೆ ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ: "ಎರಡಡಿಯ ಚಿಕ್ಕ ತೊಟ್ಟಿ ತಂದಿದ್ದೇವೆ, ಬಣ್ಣಬಣ್ಣದ ಮೀನುಗಳು ಬೇಕು, ಒಂದನ್ನೊಂದು ಕಚ್ಚಬಾರದು, ಬೇಗ ಸಾಯಲೂಬಾರದು. ಯಾವ ಯಾವುದನ್ನು ಒಟ್ಟಿಗೆ ಬಿಡಬಹುದು?" ಕೇಳುವವರು ನಾಲ್ಕೈದು ಹೆಸರುಗಳನ್ನು ನಿರೀಕ್ಷಿಸುತ್ತಾರೆ. ಹೆಸರು ಹೇಳುವುದಕ್ಕೆ ಮೊದಲು ನಾನು ಅವರ ಮನೆಗೆ ಬರುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂದು ವಿಚಾರಿಸುತ್ತೇನೆ. ಅದರ ಬೆನ್ನಿಗೇ, ಮೀನನ್ನು ಜೋಡಿ ಲೆಕ್ಕದಲ್ಲಿ ಕೊಳ್ಳುವುದನ್ನು ಬಿಡಿ ಎಂದು ಹೇಳುತ್ತೇನೆ. ಮೈಸೂರು ಮತ್ತು ಮಂಡ್ಯದ ಮನೆಗಳಲ್ಲಿ ತೊಟ್ಟಿಗಳು ಬೇಗ ಬರಿದಾಗುವುದಕ್ಕೆ ನನಗೆ ಕಂಡ ಮಟ್ಟಿಗೆ ಈ ಎರಡು ಸಂಗತಿಗಳೇ ಮುಖ್ಯ ಕಾರಣ.

ಮೊದಲು ಜೋಡಿಯ ವಿಚಾರ. ನಮ್ಮ ಅಂಗಡಿಗಳಲ್ಲಿ ಮೀನಿನ ಬೆಲೆಯನ್ನು ಸಾಮಾನ್ಯವಾಗಿ ಜೋಡಿಗೆ ಇಷ್ಟು ಎಂದೇ ಹೇಳುತ್ತಾರೆ. ಹೀಗಾಗಿ ಕೊಳ್ಳುವವರು ಕೆಂಪಿನದೊಂದು ಜೋಡಿ, ಹಳದಿಯದೊಂದು ಜೋಡಿ, ಪಟ್ಟೆಯದೊಂದು ಜೋಡಿ ಎಂದು ಆರಿಸುತ್ತಾ ಹೋಗಿ, ಕೊನೆಗೆ ಗಾಜು ನೆಕ್ಕಿ ಸ್ವಚ್ಛ ಮಾಡಲೆಂದು ಒಂದು ಸಕ್ಕರ್ ಮೀನನ್ನೂ ಸೇರಿಸಿಕೊಂಡು ಮನೆಗೆ ಬರುತ್ತಾರೆ. ಆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗೋಲ್ಡ್ ಫಿಶ್, ಎರಡು ಏಂಜೆಲ್, ಎರಡು ಟೈಗರ್ ಬಾರ್ಬ್, ಎರಡು ನಿಯಾನ್ ಟೆಟ್ರಾ ಇರುತ್ತವೆ. ಗೋಲ್ಡ್ ಫಿಶ್ ಗೆಂಡೆ ಮೀನಿನ ಬಳಗಕ್ಕೆ ಸೇರಿದ್ದು, ತಂಪು ನೀರನ್ನು ಬಯಸುವಂಥದ್ದು. ಸರಿಯಾಗಿ ಬೆಳೆದರೆ ಗೇಣುದ್ದವಾಗುತ್ತದೆ ಮತ್ತು ತಿಂದಷ್ಟೂ ನೀರನ್ನು ಕೆಡಿಸುತ್ತದೆ. ಏಂಜೆಲ್ ಮರಿಯಾಗಿದ್ದಾಗ ಸಾಧುವಾಗಿ ಕಂಡರೂ ಬಾಯಿ ಹಿಗ್ಗಿದ ಮೇಲೆ ನಿಯಾನ್‌ಗಳನ್ನು ನುಂಗುತ್ತದೆ. ಎರಡೇ ಎರಡು ಟೈಗರ್ ಬಾರ್ಬ್‌ಗಳಿದ್ದರೆ, ತಮ್ಮ ತಮ್ಮಲ್ಲಿ ಮುಗಿಸಿಕೊಳ್ಳಬೇಕಾದ ಜಗಳವನ್ನು ಏಂಜೆಲ್‌ನ ಉದ್ದನೆಯ ರೆಕ್ಕೆಗಳ ಮೇಲೆ ತೀರಿಸಿಕೊಳ್ಳುತ್ತವೆ. ಸಕ್ಕರ್ ಒಂದಡಿಗೂ ಮೀರಿ ಬೆಳೆಯುತ್ತದೆ. ಅದು ಬೇರೆ ಮೀನಿನ ಹಿಕ್ಕೆಯನ್ನು ತಿಂದು ಚೊಕ್ಕಟ ಮಾಡುತ್ತದೆಂಬುದು ಸುಳ್ಳು, ತನ್ನದನ್ನೇ ಧಾರಾಳವಾಗಿ ಸೇರಿಸುತ್ತದೆ. ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಬೆಳ್ಳಿ ಬಣ್ಣದ ಮರಿಯಂತೂ ಮೀಟರುದ್ದ ಬೆಳೆಯುವ ಪಂಗಾಸಿಯಸ್, ಅಂದರೆ ಊಟಕ್ಕೆಂದು ಕೆರೆಗಳಲ್ಲಿ ಸಾಕುವ ಮೀನು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಲೆಕ್ಕಕ್ಕೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗವನ್ನು ಕಳೆದರೆ ಉಳಿಯುವ ನೀರು 45 ಲೀಟರಿನ ಆಸುಪಾಸು. ಇಷ್ಟು ನೀರಿಗೆ ಒಂದೂವರೆ ಎರಡು ಅಂಗುಲಕ್ಕಿಂತ ದೊಡ್ಡದಾಗದ ಮೀನುಗಳೇ ಸರಿ. ಅವುಗಳಲ್ಲಿ ಬಹುಪಾಲು ಹಿಂಡಿನಲ್ಲಿ ಬದುಕುವ ಜಾತಿಗಳು, ಮತ್ತು ಜೋಡಿಯ ಲೆಕ್ಕ ಹಾಳಾಗುವುದು ಇಲ್ಲಿಯೇ. ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್, ಜೀಬ್ರಾ ಡೇನಿಯೋ, ಕೋರಿಡೋರಾಸ್ ಇವೆಲ್ಲಕ್ಕೂ ತಮ್ಮದೇ ಜಾತಿಯ ಕನಿಷ್ಠ ಆರು ಮೀನುಗಳ ಸಂಗಡ ಬೇಕು. ಎರಡೇ ಇದ್ದರೆ ಅವು ಹೆದರಿ ಫಿಲ್ಟರಿನ ಹಿಂದೆ ಅಡಗುತ್ತವೆ. ಅಡಗಿದ ಮೀನು ಬಣ್ಣ ತೋರುವುದಿಲ್ಲ. ಐದು ಬಣ್ಣಗಳು ಬೇಕೆಂದು ಐದು ಜೋಡಿ ತಂದವರ ತೊಟ್ಟಿ ಕಡೆಗೆ ಯಾವ ಬಣ್ಣವೂ ಇಲ್ಲದಂತೆ ಕಾಣುವುದು, ಒಂದೇ ಜಾತಿಯ ಹತ್ತು ಮೀನುಗಳನ್ನು ತಂದವರ ತೊಟ್ಟಿ ಉರಿಯುವಂತೆ ಕಾಣುವುದು ಇದೇ ಕಾರಣಕ್ಕೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಬೆಳಗಿನ ಕತ್ತಲಲ್ಲಿ ನಿಯಾನ್ ತೊಟ್ಟಿಯ ದೀಪ ಹಾಕಿ ನೋಡಬೇಕು. ಮೀನುಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ, ನೀಲಿ ಗೆರೆ ಮಾಸಿ ಕಂದಿರುತ್ತದೆ, ಬಾಲದ ಕಡೆಯ ಕೆಂಪು ತೊಳೆದುಹೋದಂತಿರುತ್ತದೆ. ರೋಗ ಬಂದಿದೆಯೆಂದು ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ನೀಲಿ ಮೆಲ್ಲನೆ ಮರಳುತ್ತದೆ. ಆ ನೀಲಿಯು ಬಣ್ಣದ ದ್ರವ್ಯವಲ್ಲ. ಚರ್ಮದ ಜೀವಕೋಶಗಳಲ್ಲಿ ಪದರ ಪದರವಾಗಿರುವ ಸಣ್ಣ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಉಂಟಾಗುವ ಹೊಳಪು, ಮತ್ತು ಆ ಹರಳುಗಳ ನಡುವಿನ ಅಂತರವನ್ನು ಮೀನು ಬದಲಿಸಬಲ್ಲದು. ರಾತ್ರಿ ಮಂಕಾಗುವುದು ಅದರ ಸಹಜ ಕ್ರಮ. ಹೆದರಿದಾಗ, ನೀರು ಕೆಟ್ಟಾಗ, ಒಂಟಿಯಾದಾಗ ಅದು ಹಗಲಿನಲ್ಲೂ ಹಾಗೆಯೇ ಮಂಕಾಗುತ್ತದೆ. ಚೆರ್ರಿ ಬಾರ್ಬ್ ಗಂಡಿನ ವಿಚಾರ ಇನ್ನೂ ಸೊಗಸಾದುದು: ಎದುರಿಗೆ ಇನ್ನೊಂದು ಗಂಡು ಬಂದು ರೆಕ್ಕೆ ಅಗಲಿಸಿತೆಂದರೆ ಇಟ್ಟಿಗೆ ಬಣ್ಣದಲ್ಲಿದ್ದ ಮೈ ನೋಡನೋಡುತ್ತಿದ್ದಂತೆ ದಾಳಿಂಬೆಯ ಕೆಂಪಿಗೆ ಏರುತ್ತದೆ. ಅಂಗಡಿಯ ಬರಿದಾದ ಗಾಜಿನ ತೊಟ್ಟಿಯಲ್ಲಿ ಅದು ಕಂದು ಮೀನಿನಂತೆಯೇ ಕಾಣುವುದರಿಂದ ಬಹಳ ಮಂದಿ ಅದನ್ನು ಕೈಬಿಟ್ಟು ಬರುತ್ತಾರೆ.

ಇನ್ನು ನೀರು. ಕಾವೇರಿ, ಕಬಿನಿ ನದಿಗಳಿಂದ ಮೈಸೂರಿನ ನಲ್ಲಿಗೆ ಬರುವ ನೀರು ಬೋರ್‌ವೆಲ್ಲಿಗೆ ಹೋಲಿಸಿದರೆ ಮೆದುವಾದುದು. ಮಂಡ್ಯದ ಕಡೆಯ ಅನೇಕ ಮನೆಗಳಲ್ಲಿ, ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಆ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ನಲ್ಲಿಯ ಬಾಯಿಗೆ ಬಿಳಿಯ ಪದರ ಕಟ್ಟುತ್ತದೆ. ಅಡುಗೆಮನೆಯವರಿಗೆ ಗೊತ್ತಿರುವ ಈ ಗಡಸುತನವೇ ಮೀನಿನ ಆಯ್ಕೆಯನ್ನೂ ನಿರ್ಧರಿಸಬೇಕು. ಎರಡೂ ನೀರನ್ನು ಬೆರೆಸಿ ಸಂಪಿಗೆ ತುಂಬಿಸುವ ಮನೆಗಳಲ್ಲಿ ಗಡಸುತನ ಅಳೆಯುವ ಕಿಟ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಆರ್‌ಓ ಯಂತ್ರದ ನೀರನ್ನೇ ತುಂಬಿದರೆ ಹೇಗೆ ಎಂದು ಕೇಳುವವರಿಗೆ ಹೇಳುವುದಿಷ್ಟೇ: ಅದರಲ್ಲಿ ಲವಣಗಳು ತೀರಾ ಕಡಿಮೆಯಿರುವುದರಿಂದ ಅದೊಂದನ್ನೇ ಬಳಸಬಾರದು, ಬೋರ್ ನೀರಿನೊಂದಿಗೆ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಬೆರೆಸಿ ಬಳಸಬಹುದು.

ಬೋರ್‌ವೆಲ್ ನೀರಿನವರು ಗಪ್ಪಿ ಮತ್ತು ಪ್ಲಾಟಿಗಳನ್ನು ಆರಿಸಿಕೊಂಡರೆ ಅರ್ಧ ಚಿಂತೆ ಕಳೆಯಿತು. ಇವೆರಡೂ ಗಡಸು ನೀರಿನಲ್ಲಿ ಚೆನ್ನಾಗಿ ಬಾಳುವ, ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಮೀನುಗಳು. ಸೊಳ್ಳೆಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಊರ ಬಾವಿಗಳಿಗೂ ತೊಟ್ಟಿಗಳಿಗೂ ಬಿಡುವುದು ಇದೇ ಗಪ್ಪಿಯನ್ನು, ಬಣ್ಣದ ಬಾಲವಿಲ್ಲದ ಅದರ ಸಾದಾ ರೂಪವನ್ನು. ಬಣ್ಣವೆಲ್ಲ ಗಂಡಿನ ಬಾಲದಲ್ಲಿರುವುದರಿಂದ ಚಿಕ್ಕ ತೊಟ್ಟಿಗೆ ಆರೆಂಟು ಗಂಡುಗಳನ್ನಷ್ಟೇ ತರುವುದು ಜಾಣತನ. ಹೆಣ್ಣು ಬೇಕೇಬೇಕೆಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣಿರಬೇಕು, ಇಲ್ಲವಾದರೆ ಗಂಡು ಅಟ್ಟಾಡಿಸಿ ಹೆಣ್ಣನ್ನು ಸೊರಗಿಸುತ್ತದೆ. ಹೆಣ್ಣು ಗಪ್ಪಿಯನ್ನು ಒಂದನ್ನೇ ತಂದರೂ ಸಂಖ್ಯೆ ಬೆಳೆಯದೆಂದು ನಂಬಬೇಡಿ: ಅದು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡು, ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತಲೇ ಹೋಗಬಲ್ಲದು. ಪ್ಲಾಟಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಬಣ್ಣವಿದೆ. ಅಚ್ಚ ಕೆಂಪಿನ ನಾಲ್ಕು ಪ್ಲಾಟಿಗಳು ಗಪ್ಪಿಗಳ ನಡುವೆ ಎದ್ದು ಕಾಣುತ್ತವೆ. ಮಾಲಿಯೂ ಇದೇ ಬಳಗದ್ದೇ, ಆದರೆ ದೇಹ ದೊಡ್ಡದು, ಹೊಟ್ಟೆಬಾಕ. ಎರಡಡಿಗೆ ನಾನು ಹೇಳುವುದಿಲ್ಲ.

ಕಾವೇರಿ ನೀರಿನವರಿಗೆ ಅವಕಾಶ ಹೆಚ್ಚು. ಎಂಟು ಹತ್ತು ನಿಯಾನ್ ಟೆಟ್ರಾ ನಡುನೀರಿಗೆ, ಆರು ಪಾಂಡಾ ಕೋರಿಡೋರಾಸ್ ತಳಕ್ಕೆ, ಒಂದು ಹನಿ (ಅಂದರೆ ಜೇನು) ಗೌರಾಮಿ ಮೇಲ್ಮಟ್ಟಕ್ಕೆ: ಯಾರಾದರೂ ಒಂದೇ ಉತ್ತರ ಕೊಡಿ ಎಂದು ಹಟ ಹಿಡಿದರೆ ನಾನು ಕೊಡುವ ಉತ್ತರ ಇದು. ನಿಯಾನ್ ಅಮೆಜಾನ್ ನದಿಯ ಮೇಲ್ಭಾಗದ ಮೆದು ನೀರಿನದು. 1936ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದರು. ಈಗ ಅಂಗಡಿಗೆ ಬರುವವು ಹೆಚ್ಚಾಗಿ ಸಾಕಣೆಯಲ್ಲೇ ಹುಟ್ಟಿದವಾದ್ದರಿಂದ ನಡುಮಟ್ಟದ ಗಡಸುತನವನ್ನು ತಾಳಿಕೊಳ್ಳುತ್ತವೆ. ಕೋರಿಡೋರಾಸ್ ಮೀಸೆಗಳಿಂದ ಮರಳನ್ನು ಕೆದಕುತ್ತಾ ಸಾಗುವ ಚಿಕ್ಕ ಮೀನು. ಚೂಪು ಅಂಚಿನ ಜಲ್ಲಿ ಹಾಕಿದರೆ ಆ ಮೀಸೆಗಳು ಸವೆದುಹೋಗುತ್ತವೆ, ಹಾಗಾಗಿ ತೊಳೆದ ನುಣುಪು ಮರಳೇ ಬೇಕು. ಅದು ಆಗಾಗ ಸರ್ರನೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಮರಳುತ್ತದೆ. ಕರುಳಿನ ಮೂಲಕವೂ ಉಸಿರಾಡುವ ಜೀವಿ ಅದು, ಗಾಬರಿ ಬೇಡ. ಹನಿ ಗೌರಾಮಿ ಗಂಗಾ, ಬ್ರಹ್ಮಪುತ್ರ ಬಯಲಿನ ನಮ್ಮ ದೇಶದ್ದೇ ಮೀನು. ಜೇನಿನ ಬಣ್ಣದ ಗಂಡಿಗೆ ಹುರುಪು ಬಂದಾಗ ಗಂಟಲಿನಿಂದ ಹೊಟ್ಟೆಯವರೆಗೆ ಕಡುನೀಲಿ ಕಪ್ಪು ಹರಡುತ್ತದೆ. ಇದರ ಸೋದರಸಂಬಂಧಿಯಾದ ಡ್ವಾರ್ಫ್ ಗೌರಾಮಿ ಇನ್ನೂ ಝಗಮಗಿಸುತ್ತದೆ, ಆದರೆ ಅದರ ಸಾಕಣೆ ತಳಿಗಳಲ್ಲಿ ಮದ್ದಿಲ್ಲದ ಒಂದು ವೈರಸ್ ರೋಗ ಹರಡಿರುವುದರಿಂದ ನಾನು ಅದರ ಗೊಡವೆಗೆ ಹೋಗುವುದಿಲ್ಲ. ಫೈಟರ್ ಮೀನನ್ನು ಗಪ್ಪಿಗಳೊಂದಿಗೆ ಬಿಡಬೇಡಿ. ಉದ್ದ ಬಾಲದ ಗಂಡು ಗಪ್ಪಿ ಅದರ ಕಣ್ಣಿಗೆ ಇನ್ನೊಂದು ಫೈಟರ್ ಆಗಿಯೇ ಕಾಣಬಹುದು.

ಹೀಟರ್ ಹಾಕಲು ಇಷ್ಟವಿಲ್ಲದವರು ಆರು ಚೆರ್ರಿ ಬಾರ್ಬ್, ಆರು ಜೀಬ್ರಾ ಮೀನುಗಳನ್ನು ಆರಿಸಬಹುದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೈಸೂರಿನ ಮನೆಯೊಳಗಿನ ತೊಟ್ಟಿಯ ನೀರು 20-21 ಡಿಗ್ರಿಗೆ ಇಳಿಯುವುದುಂಟು. ಶ್ರೀಲಂಕಾ ಮೂಲದ ಚೆರ್ರಿ ಬಾರ್ಬ್‌ಗೂ, ನಮ್ಮ ಉಪಖಂಡದ ತೊರೆಗಳಲ್ಲೇ ಹುಟ್ಟಿಬೆಳೆದ ಜೀಬ್ರಾಕ್ಕೂ ಅದು ಕಷ್ಟವಲ್ಲ. ಗಪ್ಪಿಗೆ ಕಷ್ಟ, ಅದಕ್ಕೆ 50 ವಾಟಿನ ಸಣ್ಣ ಹೀಟರ್ ಸಾಕು. ಏಪ್ರಿಲ್‌ನಲ್ಲಿ ತೊಂದರೆ ತಿರುಗುಮುರುಗು: ನೀರು 30 ಡಿಗ್ರಿ ಮುಟ್ಟಿ ಆಮ್ಲಜನಕ ಕಡಿಮೆಯಾದಾಗ ಮುಚ್ಚಳದ ಬದಲು ಬಲೆ ಹೊದಿಸಿ ನೀರಿನ ಮೇಲೆ ಫ್ಯಾನಿನ ಗಾಳಿ ಹಾಯಿಸಿದರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ.

ಬಣ್ಣದ ಆಸೆಯಿಂದ ಕೊಳ್ಳಲೇಬಾರದ ಮೀನುಗಳೂ ಇವೆ. ಗುಲಾಬಿ, ಹಸಿರು, ನೇರಳೆ ಗೆರೆಗಳ ಗಾಜು ಮೀನು ಮತ್ತು ಬಣ್ಣಬಣ್ಣದ ವಿಡೋ ಟೆಟ್ರಾಗಳಲ್ಲಿ ಬಣ್ಣವನ್ನು ಸೂಜಿಯಿಂದ ಚುಚ್ಚಿಯೋ ದ್ರಾವಣದಲ್ಲಿ ಮುಳುಗಿಸಿಯೋ ಹಾಕಿರುವುದುಂಟು. ಅದು ತಿಂಗಳುಗಳಲ್ಲಿ ಮಾಸುತ್ತದೆ, ಮೀನು ಅದಕ್ಕೂ ಮೊದಲೇ ಸಾಯಬಹುದು. ಪಶ್ಚಿಮ ಘಟ್ಟದ ಹೊಳೆಗಳ ಚೆಲುವ ಡೆನಿಸನ್ ಬಾರ್ಬ್, ಅಂದರೆ ಮಿಸ್ ಕೇರಳ, ನಮ್ಮ ಮೀನೇ ಅಲ್ಲವೇ ಎಂದು ಅಭಿಮಾನದಿಂದ ಕೇಳುತ್ತಾರೆ. ಅದು ಅರ್ಧ ಅಡಿ ಬೆಳೆದು ಹಿಂಡಿನಲ್ಲಿ ಓಡಾಡುವ ಮೀನು, ಅಳಿವಿನಂಚಿನ ಪಟ್ಟಿಯಲ್ಲಿರುವುದು. ನಾಲ್ಕಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ತಳಕ್ಕೆ ನೀಲಿ ಅಥವಾ ಬಿಳಿ ಬಣ್ಣದ ಹರಳುಗಳನ್ನು ಹಾಕಿದರೆ ಮೀನುಗಳು ಆ ಹೊಳಪಿಗೆ ಹೊಂದಿಕೊಳ್ಳಲು ತಾವೇ ಪೇಲವವಾಗುತ್ತವೆ. ಕಪ್ಪು ಮರಳು, ಹಿಂಬದಿಗೆ ಕಪ್ಪು ಹಾಳೆ, ಒಂದಿಷ್ಟು ನಿಜವಾದ ಗಿಡ ಇವಿಷ್ಟಿದ್ದರೆ ಅದೇ ಮೀನು ಬೇರೆಯದೇ ಮೀನಿನಂತೆ ಕಾಣುತ್ತದೆ. ಕೆಂಪು, ಹಳದಿ ಬಣ್ಣಗಳಿಗೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳನ್ನು ಮೀನು ತಾನೇ ತಯಾರಿಸಲಾರದು; ಅವು ಆಹಾರದಿಂದಲೇ ಬರಬೇಕು. ಒಂದೇ ಬಗೆಯ ಅಗ್ಗದ ಕಾಳಿಗಿಂತ ಸ್ಪಿರುಲಿನಾ ಎಂಬ ಪಾಚಿ ಇರುವ ಆಹಾರವನ್ನೂ ವಾರಕ್ಕೆರಡು ಬಾರಿ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯನ್ನೂ ಕೊಡುವುದು ಲೇಸು.

ಇವತ್ತು ನೀರು ತುಂಬಿ ನಾಳೆ ಮೀನು ಬಿಡಿ ಎಂದು ಅಂಗಡಿಯಲ್ಲಿ ಹೇಳಿದರೆ ಕೇಳಬೇಡಿ. ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಚಿಟಿಕೆ ಆಹಾರವನ್ನು ದಿನವೂ ಖಾಲಿ ತೊಟ್ಟಿಗೆ ಹಾಕುತ್ತಾ ಫಿಲ್ಟರ್ ನಡೆಸುತ್ತಿರಬೇಕು. ಅಮೋನಿಯಾ, ನೈಟ್ರೈಟ್ ಎರಡರ ಪರೀಕ್ಷೆಯಲ್ಲೂ ಸೊನ್ನೆ ಬಂದ ಮೇಲೆ ಮೀನು. ನಲ್ಲಿ ನೀರಿಗೆ ಪ್ರತಿ ಬಾರಿಯೂ ಆಂಟಿ ಕ್ಲೋರಿನ್ ಹನಿ ಹಾಕಬೇಕು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ಎಲ್ಲವನ್ನೂ ಒಂದೇ ದಿನ ತರುವುದೂ ಸರಿಯಲ್ಲ. ಕೋರಿಡೋರಾಸ್ ಮೊದಲು ಬರಲಿ. ಎರಡು ವಾರ ಬಿಟ್ಟು ನಿಯಾನ್ ಹಿಂಡು ಪೂರ್ತಿಯಾಗಿ ಒಟ್ಟಿಗೆ ಬರಲಿ, ಅಂಗಡಿಯವರು ನಾಲ್ಕು ಜೋಡಿಯೋ ಐದು ಜೋಡಿಯೋ ಎಂದು ಎಣಿಸಿಕೊಂಡರೆ ಎಣಿಸಿಕೊಳ್ಳಲಿ. ಗೌರಾಮಿಯನ್ನು ಕೊನೆಗೆ ಬಿಡಬೇಕು. ಅದನ್ನು ಮೊದಲೇ ಬಿಟ್ಟರೆ ಇಡೀ ತೊಟ್ಟಿ ತನ್ನದೆಂದು ತಿಳಿದು ಹೊಸದಾಗಿ ಬಂದವರನ್ನೆಲ್ಲ ಮೂಲೆಗೆ ಅಟ್ಟುತ್ತದೆ. ಕೊನೆಗೆ ಬಂದರೆ ಮೇಲೆ ತೇಲುವ ಎಲೆಗಳ ನಡುವೆ ಒಂದು ಮೂಲೆ ಹಿಡಿದು ತನ್ನ ಪಾಡಿಗೆ ತಾನಿರುತ್ತದೆ.