ಕೆನಡಾದಲ್ಲಿ ಕಾದಂಬರಿ ಬರೆದು ಹೊಟ್ಟೆ ಹೊರೆಯಬಹುದೇ?

ನಾನು ಟೊರೊಂಟೊದಲ್ಲಿದ್ದೇನೆ, ಕನ್ನಡದಲ್ಲಿ ಒಂದಿಷ್ಟು ಬರೆಯುತ್ತೇನೆ ಎಂದು ಗೊತ್ತಾದ ಕೂಡಲೇ ಊರಿನವರು ಕೇಳುವುದು ಇದನ್ನೇ: "ಅಲ್ಲಿ ಸಾಹಿತಿಗಳಿಗೆ ಸರ್ಕಾರವೇ ದುಡ್ಡು ಕೊಡುತ್ತದಂತಲ್ಲ, ಬರವಣಿಗೆಯಲ್ಲೇ ಬದುಕಬಹುದಲ್ಲವೇ?"

ಕೊಡುವುದು ನಿಜ. 1957ರಲ್ಲಿ ಹುಟ್ಟಿದ ಕೆನಡಾ ಕಲಾ ಮಂಡಳಿ ಅನುದಾನ ಕೊಡುತ್ತದೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ತಮ್ಮ ಪುಸ್ತಕವಿರುವ ಲೇಖಕರಿಗೆ 1986ರಿಂದ ವರ್ಷಕ್ಕೊಮ್ಮೆ ಒಂದು ಮೊತ್ತವೂ ಬರುತ್ತದೆ. ಎಷ್ಟು ಜನ ಎರವಲು ಪಡೆದರು ಎಂಬುದು ಲೆಕ್ಕಕ್ಕಿಲ್ಲ, ಪುಸ್ತಕ ಅಲ್ಲಿದ್ದರೆ ಸಾಕು. ನನಗೆ ಬಹಳ ಹಿಡಿಸಿದ ಏರ್ಪಾಡು. ಆದರೆ ಆ ಹಣದಲ್ಲಿ ಈ ಊರಿನ ಮನೆ ಬಾಡಿಗೆ ಎರಡು ತಿಂಗಳು ದಾಟುವುದೂ ಕಷ್ಟ. ಲೇಖಕರ ಒಕ್ಕೂಟವೇ 2018ರಲ್ಲಿ ಲೆಕ್ಕ ಹಾಕಿದಾಗ ಬರವಣಿಗೆಯಿಂದ ಬರುವ ಸರಾಸರಿ ಆದಾಯ ವರ್ಷಕ್ಕೆ 9,380 ಡಾಲರ್ ಎಂದು ತಿಳಿಯಿತು.

ಹೀಗೆ ಕೇಳುವವರಿಗೆ ನಾನು ಇಲ್ಲಿನ ಲೇಖಕಿ ಸುವಂಖಮ್ ತಮ್ಮವೊಂಗ್ಸಾ ಅವರ ಕಥೆ ಹೇಳುತ್ತೇನೆ. 1978ರಲ್ಲಿ ಥಾಯ್ಲೆಂಡಿನ ನೊಂಗ್ ಖಾಯ್‌ನ ಲಾವೋಸ್ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು, ಬೆಳೆದದ್ದು ಟೊರೊಂಟೊದಲ್ಲಿ. ಮೊದಲ ಕವನ ಸಂಕಲನ 2003ರಲ್ಲಿ ಬಂತು, ನಾಲ್ಕನೆಯದು 2019ರಲ್ಲಿ. ಈ ನಡುವೆ ಹೂಡಿಕೆ ಸಲಹೆ ಪ್ರಕಟಿಸುವ ಸಂಸ್ಥೆಯೊಂದರಲ್ಲಿ 15 ವರ್ಷ ದುಡಿದರು. ಹಗಲೆಲ್ಲ ಬೇರೆಯವರ ಹಣದ ಲೆಕ್ಕ!

2020ರಲ್ಲಿ ಅವರ ಕಥಾಸಂಕಲನ 'ಹೌ ಟು ಪ್ರೊನೌನ್ಸ್ ನೈಫ್' ಕೆನಡಾದ ಕಥೆ-ಕಾದಂಬರಿಗಳಿಗೆ ಕೊಡುವ, ಒಂದು ಲಕ್ಷ ಡಾಲರಿನ ಗಿಲ್ಲರ್ ಪ್ರಶಸ್ತಿ ಪಡೆಯಿತು. ಶೀರ್ಷಿಕೆಯ ಕಥೆಯಲ್ಲಿ ಓದು ಕಲಿಯುತ್ತಿರುವ ಹುಡುಗಿಯೊಬ್ಬಳು 'ನೈಫ್' ಪದ ಅರ್ಥವಾಗದೆ ಅಪ್ಪನನ್ನು ಕೇಳುತ್ತಾಳೆ. ಅವನು ಕಂಡ ಅಕ್ಷರವನ್ನೆಲ್ಲ ಕೂಡಿಸಿ 'ಕ್ನೈಫ್' ಎಂದು ಹೇಳಿಕೊಡುತ್ತಾನೆ. ತರಗತಿಯಲ್ಲಿ ತಪ್ಪೆಂದರೂ ಹುಡುಗಿ ಪಟ್ಟು ಬಿಡುವುದಿಲ್ಲ. ಇದನ್ನು ಓದಿ ನಾನು ಪುಸ್ತಕ ಮಡಿಚಿಟ್ಟು ಸುಮ್ಮನೆ ಕುಳಿತೆ. ಬರೆದದ್ದನ್ನೆಲ್ಲ ಉಚ್ಚರಿಸುವ ಭಾಷೆಯಿಂದ ಬಂದ ನಾನೂ ಐದನೆಯ ತರಗತಿಯಲ್ಲಿ 'ಕ್ನೈಫ್' ಎಂದೇ ಗಟ್ಟಿಯಾಗಿ ಓದಿದ್ದೆ. ಇಡೀ ತರಗತಿ ನಕ್ಕಿತ್ತು, ಮೇಷ್ಟರೂ ನಕ್ಕಿದ್ದರು. 36 ವರ್ಷಗಳ ಹಿಂದೆ ಆ ಪದವನ್ನು ತಪ್ಪಾಗಿ ಹೇಳಿದಾಗ ಬಹುಮಾನ ಸಿಗಲಿಲ್ಲ, ಈ ರಾತ್ರಿ ಸಿಕ್ಕಿತು ಎಂದು ಪ್ರಶಸ್ತಿ ಸ್ವೀಕರಿಸುವಾಗ ತಮ್ಮವೊಂಗ್ಸಾ ಹೇಳಿದ್ದರು.

ಮೊದಲ ಕಾದಂಬರಿ 'ಪಿಕ್ ಎ ಕಲರ್' ಬಂದದ್ದು 2025ರಲ್ಲಿ. ಉಗುರು ಅಲಂಕರಿಸುವ ಅಂಗಡಿಯೊಂದರ ಒಂದು ದಿನದ ಕಥೆ. ಅಲ್ಲಿ ದುಡಿಯುವ ಹೆಂಗಸರೆಲ್ಲರ ಎದೆಯ ಮೇಲೂ 'ಸೂಸನ್' ಎಂಬ ಒಂದೇ ಹೆಸರಿನ ಪಟ್ಟಿ. ಗಿರಾಕಿಗಳಿಗೆ ಅದು ಗಮನಕ್ಕೇ ಬರುವುದಿಲ್ಲ. ಇದಕ್ಕೂ ಗಿಲ್ಲರ್ ಬಂತು. ಅಂದರೆ 22 ವರ್ಷ ಪುಸ್ತಕ ಪ್ರಕಟಿಸಿದ ಮೇಲೆ, 47ರ ಹರೆಯದಲ್ಲಿ, ಅವರು ಹೊಸ ಕಾದಂಬರಿಕಾರ್ತಿ! ಐವತ್ತು ದಾಟಿದವರನ್ನೂ 'ಉದಯೋನ್ಮುಖ' ಎಂದು ವೇದಿಕೆಗೆ ಕರೆಯುವ ನಮ್ಮ ನಿರೂಪಕರು ತೀರ ತಪ್ಪೇನೂ ಮಾಡುತ್ತಿಲ್ಲ ಎನ್ನಿಸುತ್ತದೆ.

ಮೊನ್ನೆ ಶಿವಮೊಗ್ಗದಿಂದ ಸೋದರಳಿಯ ಫೋನ್ ಮಾಡಿ, "ಮಾವ, ಕೆಲಸ ಬಿಟ್ಟು ಅಲ್ಲಿಗೆ ಬಂದು ಕಾದಂಬರಿ ಬರೆಯಲೇ?" ಎಂದ. ಈಗ ಎಷ್ಟು ಪುಟವಾಗಿದೆ ಎಂದು ಕೇಳಿದೆ. ಇನ್ನೂ ಶುರು ಮಾಡಿಲ್ಲವಂತೆ, ಬ್ಯಾಂಕಿನಲ್ಲಿ ರಜೆ ಸಿಗುತ್ತಿಲ್ಲವಂತೆ.