ನಾನು ಪ್ಲಂಬರ್ ಅಲ್ಲ

"ಪೈಪಿನಲ್ಲಿ ನೀರು ಹೋಗೋದನ್ನ ಕಂಪ್ಯೂಟರಲ್ಲಿ ನೋಡೋಕೆ ಐದು ವರ್ಷ ಬೇಕಾ?"

ನನ್ನ ಪಿಎಚ್‌ಡಿ ಬಗ್ಗೆ ದಾವಣಗೆರೆಯಲ್ಲಿ ನನ್ನ ಪರಿಚಯ ಇರುವವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಮೊದಲು, ಅದು ನೀರಲ್ಲ. ಕರಗಿದ ಪ್ಲಾಸ್ಟಿಕ್ಕಿನಂಥ ದ್ರವ. ಅಗಲದ ದಾರಿಯಿಂದ ಇಕ್ಕಟ್ಟಿಗೆ ಅದು ಹೇಗೆ ನುಗ್ಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ.

ಚಿಕ್ಕಪ್ಪನ ಮಗಳ ಮದುವೆ ಹಿಂದಿನ ಸಂಜೆ ಎಲ್ಲರೂ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಮಾವ ಶುರು ಮಾಡಿದರು. "ಅಲ್ಲಪಾ, ದೊಡ್ಡ ಪೈಪಿಗೆ ಸಣ್ಣ ಪೈಪ್ ಕೂರಿಸೋಕೆ ಒಂದು ರೆಡ್ಯೂಸರ್ ಸಾಕು. ನಮ್ ಪ್ಲಂಬರ್ ಅರ್ಧ ತಾಸಿನಾಗೆ ಮುಗಿಸ್ತಾನೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಟ್ಟಿಗೆ ನಾಲ್ಕು ಮಿರ್ಚಿ ಜಾಸ್ತಿ ತಿಂದೆ, ರಾತ್ರಿಯೆಲ್ಲ ಅನುಭವಿಸಿದೆ.

ಮಾವ, ನೀವು ಬೆಂಡೆಕಾಯಿ ಹೆಚ್ಚಿದ್ದೀರಾ? ಇಲ್ಲ ಬಿಡಿ, ಅತ್ತೆಯನ್ನು ಕೇಳಿ. ಲೋಳೆ ಚಾಕುವಿಗಂಟಿ ಎಳೆಯಾಗಿ ಬರುತ್ತದೆ, ಕಡಿದರೆ ತುಸು ಹಿಂದಕ್ಕೆ ಸೇದಿಕೊಳ್ಳುತ್ತದೆ. ಹರಿಯುತ್ತದೆ, ರಬ್ಬರಿನ ಹಾಗೆ ಜಗ್ಗುತ್ತದೆ ಕೂಡ. ಕರಗಿದ ಪ್ಲಾಸ್ಟಿಕ್ಕೂ ಇದೇ ಜಾತಿ. ಒಳಗೆಲ್ಲ ಉದ್ದುದ್ದ ಅಣುಗಳ ಸರಪಳಿ. ಅಗಲದ ದಾರಿಯಿಂದ ಅದರ ಕಾಲುಭಾಗದಷ್ಟು ಇಕ್ಕಟ್ಟಿಗೆ ನುಗ್ಗುವಾಗ ಅವು ಹಿಗ್ಗುತ್ತವೆ. ಮತ್ತೆ ಮುದುಡಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಹರಿವು ಅವನ್ನು ಜಗ್ಗುವ ದರದಿಂದ ಗುಣಿಸಿದರೆ ಬರುವುದೇ ವೈಸೆನ್‌ಬರ್ಗ್ ಸಂಖ್ಯೆ. ಅದು ತೀರ ಸಣ್ಣದಿದ್ದರೆ ದ್ರವ ನೀರಿನ ಹಾಗೇ ಹರಿಯುತ್ತದೆ, ನಿಮ್ಮ ಪ್ಲಂಬರೇ ಸಾಕು, ಒಪ್ಪಿದೆ.

"ಯಾಕೆ ಇಷ್ಟು ವರ್ಷ" ಅನ್ನುತ್ತಾರೆ. "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ" ಅಂತ ಒಬ್ಬರಾದರೂ ಕೇಳಬಾರದಾ? ಕೇಳಿದವರಿಗೆ ಬೆಣ್ಣೆದೋಸೆ ಕೊಡಿಸುತ್ತೇನೆ.

ಮೂಲೆಯಲ್ಲಿ. ದಾರಿ ಕಿರಿದಾಗುವ ಆ ಚೂಪು ಮೂಲೆಯಲ್ಲಿ, ಸಮೀಕರಣದ ಪ್ರಕಾರ, ದ್ರವದೊಳಗಿನ ಎಳೆತಕ್ಕೆ (ಸ್ಟ್ರೆಸ್‌ಗೆ) ಮಿತಿಯೇ ಇಲ್ಲ. ಕಂಪ್ಯೂಟರ್ ಅಲ್ಲಿ ಕೈಚೆಲ್ಲುತ್ತದೆ. ಲೆಕ್ಕ ಹಾಕೋಕೆ ದ್ರವ ಹರಿಯುವ ಜಾಗವನ್ನು ಜಾಲರಿಯ ಹಾಗೆ ಸಣ್ಣ ಸಣ್ಣ ತುಂಡು ಮಾಡುತ್ತೇವೆ. ಬೇರೆ ಲೆಕ್ಕಗಳಲ್ಲಿ ಆ ಜಾಲರಿಯ ಕಣ್ಣು ಸಣ್ಣದು ಮಾಡಿದರೆ ಉತ್ತರ ಸುಧಾರಿಸುತ್ತದೆ. ಇಲ್ಲಿ ಹಾಗೆ ಮಾಡಿದರೆ ಎಷ್ಟೋ ಸಲ ಇನ್ನೂ ಬೇಗ ಕೆಡುತ್ತದೆ! 1970ರ ದಶಕದಿಂದ ಜನ ಇದೇ ಮೂಲೆಗೆ ತಲೆ ಚಚ್ಚಿಕೊಂಡಿದ್ದಾರೆ. 2004ರಲ್ಲಿ ಫಟ್ಟಾಲ್, ಕುಪ್ಫರ್‌ಮನ್ ಅನ್ನುವ ಇಬ್ಬರು ಒಂದು ದಾರಿ ಕಂಡುಕೊಂಡರು. ಸರಪಳಿಗಳ ಹಿಗ್ಗುವಿಕೆಯನ್ನು ನೇರವಾಗಿ ಲೆಕ್ಕ ಹಾಕುವ ಬದಲು ಅದರ ಲಾಗರಿದಮ್ ಹಿಡಿದು ಹೋಗುವುದು. ಪಿಯುಸಿಯಲ್ಲಿ ನಾನು ಬೈದುಕೊಂಡ ಅದೇ ಲಾಗ್. ಈಗ ಅದೇ ನನ್ನ ಹೊಟ್ಟೆಪಾಡು.

ಹಾಗಂತ ಗೋಳು ಮುಗಿಯಲಿಲ್ಲ. ಲೆಕ್ಕ ಕೆಡದೆ ಓಡಿತು ಅಂದರೆ ಸರಿಯಾಗಿದೆ ಅಂತಲ್ಲ. ಇಂಥ ದ್ರವವನ್ನು ಇಕ್ಕಟ್ಟಿನಲ್ಲಿ ತಳ್ಳೋಕೆ ಅಷ್ಟೇ ಮಂದವಾದ ಮಾಮೂಲಿ ದ್ರವಕ್ಕಿಂತ ಹೆಚ್ಚು ಒತ್ತಡ ಬೇಕು ಅಂತ ಪ್ರಯೋಗಗಳಲ್ಲಿ ಕಂಡಿದೆ. ನಾನು ಬಳಸುವ ಓಲ್ಡ್‌ರಾಯ್ಡ್-ಬಿ ಮಾದರಿ, ಅಂದರೆ ಇಂಥ ದ್ರವದ ನಡವಳಿಕೆ ಹೇಳುವ ಸಮೀಕರಣ, 1950ರದ್ದು, ಕಡಿಮೆ ಸಾಕು ಅನ್ನುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಆದರೆ ಸುಮ್ನಿರಬಹುದಿತ್ತು. ಇಲ್ಲಿ ದಿಕ್ಕೇ ಉಲ್ಟಾ. ನನ್ನ ಕೋಡ್ ಸರಿ ಇದೆ, ಮೂರು ಸಲ ನೋಡಿದ್ದೇನೆ. ತಪ್ಪು ಮಾದರಿಯದ್ದು ಅಂತ ನನ್ನ ವಾದ. ಗೈಡ್ ಇನ್ನೂ ಒಪ್ಪಿಲ್ಲ.

ಮಾವ, ಆ ಪ್ಲಂಬರ್ ನಂಬರ್ ಇದ್ದರೆ ಕಳಿಸಿ.